ಮೇಲಿನ ಮನೆಗೆ ಏರದ ನೀರು

ಆ ಬೇಸಗೆಯಲ್ಲಿ ನಾನು ನೋಟ್‌ಬುಕ್ಕಿನಲ್ಲಿ ಬರೆದ ಎರಡು ಶಬ್ದಗಳಿಂದಾಗಿ ಒಂದು ಮನೆಗೆ ನೀರು ಬರಲಿಲ್ಲ. "ನೀರು ಇದೆ" ಎಂದು ಬರೆದಿದ್ದೆ. ಅಕ್ಷರ ದುಂಡಗೆ, ಚೆನ್ನಾಗಿತ್ತು. ಕಾನ್ವೆಂಟಿನಲ್ಲಿ ಕಲಿತವರ ಅಕ್ಷರ ಅಂದರೆ ಹೀಗಿರಬೇಕು ಎಂದು ಫಾದರ್ ಆ ಪುಟವನ್ನೇ ಎತ್ತಿ ತೋರಿಸಿದ್ದರು.

ನಮ್ಮ ಇಗರ್ಜಿ, ಅಂದರೆ ಚರ್ಚು, ಪೈವಳಿಕೆಯಿಂದ ಒಳಗೆ, ಗೇರುಮರಗಳ ಒಂದು ಗುಡ್ಡದ ಬುಡದಲ್ಲಿದೆ. ಗುಡ್ಡದ ಆಚೆ ಮಗ್ಗುಲಿನಲ್ಲಿ ಸಣ್ಣ ಹಿಡುವಳಿಯವರ ಮನೆಗಳು. ಒಂದಿಷ್ಟು ಅಡಿಕೆ, ಒಂದಿಷ್ಟು ತರಕಾರಿ, ಹಟ್ಟಿಯಲ್ಲಿ ಒಂದೋ ಎರಡೋ ದನ. ಅಲ್ಲಿ ನಮ್ಮವರ ಮನೆ ಇರುವುದು ಎರಡೇ, ಉಳಿದವರೆಲ್ಲ ಬೇರೆಯವರು. ಹಿಂದಿನ ವರ್ಷ ದೀಪಾವಳಿಯ ಹೊತ್ತಿಗೆ ಬರಬೇಕಾದ ಮಳೆ ಬರಲೇ ಇಲ್ಲ. ಈಸ್ಟರಿಗೆ ಮೊದಲಿನ ತಪಸ್ಸುಕಾಲ ಶುರುವಾಗುವಾಗ ಆ ಮನೆಗಳ ಬಾವಿಗಳಲ್ಲಿ ಬಿಂದಿಗೆ ಬಿಟ್ಟರೆ ತಳಕ್ಕೆ ಬಡಿದ ಶಬ್ದ ಬರುತ್ತಿತ್ತು.

ತಪಸ್ಸುಕಾಲದಲ್ಲಿ ಮೀನು ಮಾಂಸ ಬಿಟ್ಟು, ಅದರಲ್ಲಿ ಉಳಿದ ಹಣವನ್ನು ಮನೆಮನೆಯವರು ಒಂದು ರಟ್ಟಿನ ಡಬ್ಬಿಗೆ ಹಾಕುವುದು ನಮ್ಮಲ್ಲಿ ಮೊದಲಿನಿಂದ ಇದೆ. ಈ ಸಲದ ಡಬ್ಬಿ ಗುಡ್ಡದ ಆಚೆಯವರ ನೀರಿಗೆ ಎಂದು ಫಾದರ್ ಭಾನುವಾರದ ಪ್ರಸಂಗದಲ್ಲಿ ಹೇಳಿದರು. ನೀರು ಎಲ್ಲಿಂದ ಎಂಬುದನ್ನೂ ಯೋಚಿಸಿಟ್ಟಿದ್ದರು. ಇಗರ್ಜಿಯ ಗೇರುಗುಡ್ಡದ ಮೇಲ್ಭಾಗದಲ್ಲಿ, ಅಜ್ಜಂದಿರ ಕಾಲದಲ್ಲಿ ಕೆಂಪು ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ ಒಂದು ಸುರಂಗವಿದೆ. ಬಗ್ಗಿ ಒಳಗೆ ಹೋದರೆ ಎರಡು ಬದಿಯ ಗೋಡೆಯಿಂದಲೂ ಬೆವರಿನಂತೆ ನೀರು ಜಿನುಗಿ, ಕಾಲಬುಡದಲ್ಲಿ ಒಂದಾಗಿ ಹೊರಗೆ ಬರುತ್ತದೆ. ಮೊದಲು ಅಡಿಕೆಮರದ ದಂಬೆಯಲ್ಲಿ ಅದು ಇಗರ್ಜಿಯ ಅಂಗಳಕ್ಕೆ ಹರಿಯುತ್ತಿತ್ತಂತೆ. ಈಗ ನಮಗೆ ಬಾವಿಯೂ ಪಂಪೂ ಇರುವುದರಿಂದ ಸುರಂಗದ ನೀರು ಸುಮ್ಮನೆ ಗೇರುಮರಗಳ ಬುಡಕ್ಕೆ ಹೋಗುತ್ತಿತ್ತು.

ಸುರಂಗ ತೋಡುವುದರಲ್ಲಿ ತಲೆ ನರೆತ ಒಬ್ಬರನ್ನು ಕರೆಸಿದರು. ಅವರು ಒಳಗಿನ ಮಣ್ಣು ತೆಗೆಸಿ, ಸುರಂಗದ ಬಾಯಿಯಲ್ಲಿ ಒಂದು ಕೊಡಪಾನ ಇಟ್ಟು, ಎಲೆ ಅಡಿಕೆ ಜಗಿಯುತ್ತ ಅದು ತುಂಬುವುದನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತರು. ತುಂಬಿದ್ದನ್ನು ಚೆಲ್ಲಿ ಮತ್ತೊಮ್ಮೆ ಇಟ್ಟರು. ಆಮೇಲೆ ಫಾದರಿಗೆ ಹೇಳಿದರು:

"ನೀರು ಉಂಟು. ಆದರೆ ಇದು ಪಂಪಿನ ನೀರಲ್ಲ ಫಾದರೆ, ತಾನಾಗಿ ಇಳಿಯುವ ನೀರು. ಯಾವೆಲ್ಲ ಮನೆಗೆ ಅಂತ ಮೊದಲು ನೀವು ಹೇಳಿ. ಮತ್ತೆ ಟಾಂಕಿ ಎಲ್ಲಿ ಅಂತ ನಾನು ಹೇಳ್ತೇನೆ. ಟಾಂಕಿಯಿಂದ ಮೇಲೆ ಇದ್ದ ಮನೆಗೆ ಮತ್ತೆ ನಾನು ತಲೆಕೆಳಗಾಗಿ ನಿಂತರೂ ಹೋಗುದಿಲ್ಲ."

ಈ ಮಾತು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಅವರಿಗೆ ಚಹಾ ಕೊಡುತ್ತಿದ್ದವಳು ನಾನೇ.

ಮನೆಗಳ ಪಟ್ಟಿ ಮಾಡುವ ಕೆಲಸ ನಮ್ಮ ಸ್ತ್ರೀ ಸಂಘಟನೆಗೆ ಬಂತು. ಅಕ್ಷರ ಚೆನ್ನಾಗಿದೆ ಎಂದು ನೋಟ್‌ಬುಕ್ ನನ್ನ ಕೈಗೆ. ನನ್ನ ಜೊತೆಗೆ ನಮ್ಮ ವಾಡೆಯ ಗುರ್ಕಾರರ ಹೆಂಡತಿ. ವಾಡೆ ಎಂದರೆ ಇಗರ್ಜಿಯ ಒಂದೊಂದು ಭಾಗದ ಮನೆಗಳ ಗುಂಪು, ಗುರ್ಕಾರ ಅದರ ಮುಖ್ಯಸ್ಥ. ಅವರ ಹೆಂಡತಿಗೆ ನನಗಿಂತ ಹತ್ತು ವರ್ಷ ಹೆಚ್ಚು, ನನಗಿಂತ ಹತ್ತು ಪಟ್ಟು ಮಾತು. ಗೇಟಿನಿಂದಲೇ ಶುರು ಮಾಡುತ್ತಿದ್ದರು. "ಬಾವಿ ಎಲ್ಲಿ? ತೋರಿಸಿ ನೋಡುವ. ಅಯ್ಯ, ಇದರಲ್ಲಿ ಕಪ್ಪೆಗೂ ಕಾಲು ಒದ್ದೆ ಆಗ್ಲಿಕ್ಕಿಲ್ಲ." ಬಾವಿಯ ಕಟ್ಟೆಯಲ್ಲಿ ಬಗ್ಗಿ ನೋಡಿದ ಮೇಲೆಯೇ ಜಗಲಿಗೆ ಹತ್ತುವುದು. ನನಗೆ ಅದು ಸ್ವಲ್ಪ ಒರಟು ಅನಿಸುತ್ತಿತ್ತು.

ಒಂದು ಮನೆಯಲ್ಲಿ ಯಜಮಾನರು ಕುರ್ಚಿಯಲ್ಲಿ ಕೂತಲ್ಲಿಂದಲೇ ಕೇಳಿದರು: "ನಿಮ್ಮ ಪಾದ್ರಿಗಳ ನೀರು ಕುಡಿದರೆ ನಾವು ಭಾನುವಾರ ಇಗರ್ಜಿಗೆ ಬರ್ಬೇಕಾ ಎಂತ?"

"ನಮ್ಮವರನ್ನೇ ಬರ್ಸ್ಲಿಕ್ಕೆ ಆಗುದಿಲ್ಲ ಮಾರಾಯ್ರೇ, ಇನ್ನು ನಿಮ್ಮನ್ನು ಎಲ್ಲಿ ಕರೆಯುದು?" ಅಂದರು ಗುರ್ಕಾರರ ಹೆಂಡತಿ. ಆ ಮನೆಯವರೆಲ್ಲ ನಕ್ಕರು. ಯಜಮಾನರು ಎದ್ದು ತಾವೇ ಬಾವಿ ತೋರಿಸಿದರು.

ಎಲ್ಲಕ್ಕಿಂತ ಮೇಲಿನ ಮನೆಗೆ ಹೋಗುವ ದಾರಿ ಬರಿಯ ಮೆಟ್ಟಿಲು, ಅದೂ ಮುರಕಲ್ಲನ್ನು ಕಡಿದು ಮಾಡಿದ್ದು. ಕೆಳಗಿನ ಮನೆಯ ಜಗಲಿಯಲ್ಲಿ ಗುರ್ಕಾರರ ಹೆಂಡತಿ ಮೊಣಕಾಲು ಹಿಡಿದುಕೊಂಡು ಕೂತರು. "ನನ್ನಿಂದ ಆಗುದಿಲ್ಲ. ಅದೊಂದು ನೀನು ಹೋಗಿ ಬಾ, ಪುಣ್ಯ ಉಂಟು ನಿನಗೆ." ನಾನು ಒಬ್ಬಳೇ ಹತ್ತಿದೆ.

ಆ ಮನೆಯ ಹೆಂಗಸಿಗೆ ನನ್ನದೇ ಪ್ರಾಯ. ಗಂಡ ಅಡಿಕೆ ಕೊನೆ ತೆಗೆಯುವ ಕೆಲಸಕ್ಕೆ ದೂರ ದೂರ ಹೋಗುವವರು, ಆ ದಿನವೂ ಇರಲಿಲ್ಲ. ಒಂದು ದನ, ಕರು, ಮನೆಯ ಬದಿಯಲ್ಲಿ ನಾಲ್ಕು ಸಾಲು ಹರಿವೆ ಸೊಪ್ಪು, ಒಂದು ಬಸಳೆ ಚಪ್ಪರ. ಹರಿವೆ ಅಂದರೆ ಅಂಥ ಹರಿವೆ ನಾನು ನೋಡಿರಲಿಲ್ಲ. ದಂಟು ಕೆಂಪಗೆ, ಎಲೆ ಒಂದೂ ಬಾಡಿದ್ದಿಲ್ಲ. ಅದನ್ನು ಕಟ್ಟು ಮಾಡಿ ಬಂದ್ಯೋಡಿನ ಪೇಟೆಗೆ ಕೊಡುತ್ತಿದ್ದರು ಆಕೆ. ಹಾಲು ಸೊಸೈಟಿಗೆ. ಮನೆ ನಡೆಯುತ್ತಿದ್ದುದು ಹೆಚ್ಚಾಗಿ ಆ ಹರಿವೆಯಿಂದ, ಆ ದನದಿಂದ.

ನಾನು ಅಂಗಳಕ್ಕೆ ಕಾಲಿಡುವುದರೊಳಗೆ ಆಕೆ ಕಾಲಿಗೆ ನೀರು ಕೊಟ್ಟರು. ಕೆಂಪು ಧೂಳಾದ ಕಾಲಿಗೆ ಆ ಚೆಂಬನ್ನು ಪೂರ್ತಿ ಸುರಿದುಕೊಂಡೆ. ಚಾಪೆ ಹಾಕಿದರು. ಬೆಲ್ಲದ ಒಂದು ತುಂಡು, ಲೋಟ ತುಂಬ ನೀರು. ನೀರಿಗೆ ಲಾಮಂಚದ ಬೇರಿನ ಪರಿಮಳವಿತ್ತು. ಮೆಟ್ಟಿಲು ಹತ್ತಿ ಬಾಯಿ ಒಣಗಿದ್ದರಿಂದ ಒಂದೇ ಉಸಿರಿಗೆ ಕುಡಿದೆ. ಆಕೆ ಕೇಳದೆ ಇನ್ನೊಂದು ಲೋಟ ತಂದಿಟ್ಟರು. ಕೊಟ್ಟದ್ದನ್ನು ಬೇಡ ಅನ್ನಬಾರದು ಎಂದು ಸಿಸ್ಟರುಗಳು ನಮಗೆ ಕಲಿಸಿದ್ದರು. ಅದನ್ನೂ ಕುಡಿದೆ.

ಆಮೇಲೆ ನೋಟ್‌ಬುಕ್ ಬಿಡಿಸಿ ಕೇಳಿದೆ: "ನಿಮಗೆ ನೀರಿಗೆ ತೊಂದರೆ ಉಂಟಾ?"

"ಇಲ್ಲ ಬಾಯಮ್ಮ," ಅಂದರು ಆಕೆ. ಇಲ್ಲಿ ನಮ್ಮ ಹೆಂಗಸರನ್ನು ಹಾಗೆಯೇ ಕರೆಯುವುದು. "ನಮಗೆ ಎಂತ ತೊಂದರೆ? ನಡೀತದೆ."

ಸಣ್ಣ ಸಣ್ಣದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ ಎಂದು ಮನೆಯಲ್ಲಿ ತಮಾಷೆ ಮಾಡುವುದುಂಟು. ಆ ದಿನವೂ ಎಲ್ಲ ಬಿದ್ದಿತ್ತು. ಪಾತ್ರೆ ತೊಳೆದ ನೀರು ಬಾಳೆಗೆ ಹೋಗದೆ ಒಂದು ಬಾಲ್ದಿಯಲ್ಲಿ ನಿಂತಿತ್ತು. ಬಟ್ಟೆ ಒಣಗುವ ಹಗ್ಗ ಖಾಲಿ ಇತ್ತು. ಆಕೆಯ ನೆತ್ತಿಯ ಕೂದಲು ಸಿಂಬೆ ಇಟ್ಟಲ್ಲಿ ಚಪ್ಪಟೆಯಾಗಿತ್ತು. ಬಾವಿ ಎಲ್ಲೂ ಕಾಣಲಿಲ್ಲ. ಹಿಂದೆ ಇರಬಹುದು ಅಂದುಕೊಂಡೆ. ಬಾಗಿ ನೋಡುವುದು ಮರ್ಯಾದೆಯಲ್ಲ ಅಂದುಕೊಂಡೆ. ಕೇಳಿದ್ದನ್ನು ಬರೆ, ಊಹಿಸಿದ್ದನ್ನು ಬರೆಯಬೇಡ ಎಂದು ಏಳನೆಯ ಕ್ಲಾಸಿನ ಟೀಚರ್ ಹೇಳುತ್ತಿದ್ದರು. ಕೇಳಿದ್ದನ್ನು ಬರೆದೆ.

ಕೆಳಗೆ ಬಂದಾಗ ಗುರ್ಕಾರರ ಹೆಂಡತಿ ಕೇಳಿದರು, "ಅಲ್ಲಿಯದ್ದು ಎಂತ ಕತೆ?"

"ನೀರು ಉಂಟಂತೆ."

"ಅಷ್ಟು ಮೇಲೆ ಎಲ್ಲಿಂದ?" ಅಂದರು ಅವರು. ಅಷ್ಟರಲ್ಲಿ ಆ ಮನೆಯವರು ಹಲಸಿನ ಹಪ್ಪಳ ತಂದಿಟ್ಟರು, ಮಾತು ಬೇರೆ ಕಡೆ ಹೋಯಿತು.

ಪಟ್ಟಿ ನೋಡಿ ಸುರಂಗದವರು ಗುಡ್ಡ ಸುತ್ತಿ ಬಂದರು. ಮೇಲಿನ ಮನೆ ಪಟ್ಟಿಯಲ್ಲಿ ಇಲ್ಲ, ಹಾಗಾದರೆ ಸುರಂಗದ ಬಾಯಿಯಲ್ಲೇ ಟಾಂಕಿ ಕಟ್ಟಬೇಕೆಂದಿಲ್ಲ ಅಂದರು. ಅಲ್ಲಿಗೆ ಒಂದೊಂದು ಕಲ್ಲನ್ನೂ ತಲೆಯಲ್ಲಿ ಹೊರಬೇಕು. ಗುಡ್ಡ ಬಳಸಿ ಪೈಪು ಎಳೆದರೆ, ಆಚೆ ಬದಿಯ ಕೆಳಗೆ ಮಣ್ಣುದಾರಿ ಮುಟ್ಟುವಲ್ಲಿ ಒಂದು ಸಮತಟ್ಟು ಜಾಗವಿದೆ, ಲಾರಿ ಅಲ್ಲಿಯವರೆಗೆ ಬರುತ್ತದೆ, ಪಟ್ಟಿಯ ಎಲ್ಲ ಮನೆಗಳೂ ಅದರಿಂದ ಕೆಳಗೇ. ಎಲ್ಲರಿಗೂ ಸಮಾಧಾನವಾಯಿತು. ಪಾಯ ತೆಗೆದರು.

ಒಂದು ಗುರುವಾರ ಕೆಲಸದವರಿಗೆ ಗಂಜಿ, ಚಟ್ನಿ ಕೊಂಡುಹೋಗುವ ಸರದಿ ನಮ್ಮದು. ಟಾಂಕಿಯ ಕಲ್ಲು ಎರಡು ವರಸೆ ಎದ್ದಿತ್ತು. ನಾವು ಬಡಿಸುತ್ತಿದ್ದಾಗ ಕೆಳಗಿನ ಹಳ್ಳದ, ನಮ್ಮ ಮಾತಿನಲ್ಲಿ ತೋಡಿನ, ದಾರಿಯಿಂದ ಮೇಲಿನ ಮನೆಯ ಆಕೆ ಬಂದರು. ತಲೆಯಲ್ಲಿ ಒಂದು ಕೊಡಪಾನ, ಸೊಂಟದಲ್ಲಿ ಒಂದು. ರವಿಕೆಯ ಒಂದು ಭುಜ ಪೂರ್ತಿ ಒದ್ದೆ. ನನ್ನನ್ನು ಕಂಡು ನಿಂತರು.

"ಬಾಯಮ್ಮ, ಕೆಲಸ ಜೋರುಂಟಲ್ಲ."

"ನೀವು ನೀರು ಎಲ್ಲಿಂದ?" ಅಂದೆ ನಾನು.

"ತೋಡಿನ ಗುಂಡಿಯಿಂದ. ಬೆಳಿಗ್ಗೆ ನಾಲ್ಕು ಸರ್ತಿ, ಸಂಜೆಗೆ ಹರಿವೆಗೆ ನಾಲ್ಕು. ದನಕ್ಕೆ ಒಂದು ಎಷ್ಟು ಕುಡಿದರೂ ಸಾಕಾಗುದಿಲ್ಲ ನೋಡಿ." ನಗುತ್ತಲೇ ಹೇಳಿ ಮೆಟ್ಟಿಲು ಹತ್ತಿದರು. ಹತ್ತುವಾಗ ಕೊಡಪಾನದಿಂದ ಒಂದು ಹನಿಯೂ ಬೀಳಲಿಲ್ಲ.

ಗುರ್ಕಾರರ ಹೆಂಡತಿ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. "ನೀನು ಎಂತ ಕೇಳಿದ್ದು ಅವಳತ್ರ?"

ಹೇಳಿದೆ. ಕಾಲು ತೊಳೆದದ್ದು, ಎರಡು ಲೋಟ ನೀರು, ಆಮೇಲೆ ಕೇಳಿದ್ದು, ಎಲ್ಲವನ್ನೂ.

"ನೀರು ಕುಡಿದು ಲೋಟ ಕೆಳಗಿಟ್ಟು ನೀರು ಉಂಟಾ ಅಂತ ಕೇಳಿದರೆ ಯಾರು ಇಲ್ಲ ಅಂತಾರೆ ಮಾರಾಯ್ತಿ? ನೀನು ಅಂತಿಯಾ? ನಾನು ಅಂತೇನಾ?" ಧ್ವನಿ ಇಳಿಸಿ ಹೇಳಿದರು, ಕೆಲಸದವರಿಗೆ ಕೇಳದ ಹಾಗೆ. "ನಿನ್ನ ಅಮ್ಮ ಎಂತ ಹೇಳ್ತಿದ್ದರು, ಮನೆಗೆ ಬಂದವರ ಹತ್ತಿರ?"

ನನ್ನ ಅಮ್ಮನೂ ಅದನ್ನೇ ಹೇಳುತ್ತಿದ್ದರು. ಅಕ್ಕಿ ಡಬ್ಬಿಯ ತಳ ಕಾಣುವಾಗಲೂ ಬಂದವರಿಗೆ, ಎಂತ ತೊಂದರೆ ಇಲ್ಲ, ಊಟ ಮಾಡಿಕೊಂಡೇ ಹೋಗಿ ಅನ್ನುತ್ತಿದ್ದರು. ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಅದು ತಿಳಿಯದ್ದೇನಲ್ಲ. ನೋಟ್‌ಬುಕ್ ಕೈಯಲ್ಲಿ ಇದ್ದಾಗ ಮರೆತುಹೋಗಿತ್ತು ಅಷ್ಟೆ.

"ಇವತ್ತೇ ಫಾದರಿಗೆ ಹೇಳು. ಎರಡು ವರಸೆ ಕಲ್ಲು, ಬಿಚ್ಚಬಹುದು," ಅಂದರು ಅವರು.

ಆ ದಿನ ಫಾದರ್ ಕಾಸರಗೋಡಿಗೆ ಹೋಗಿದ್ದರು. ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ, ಆಮೇಲೆ ಪಾಪನಿವೇದನೆಗೆ ಉದ್ದದ ಸಾಲು. ಆ ಸಾಲಿನಲ್ಲಿ ನಿಂತು ನಾನೂ ನನ್ನ ಪಾಪಗಳನ್ನು ಹೇಳಿದೆ. ಕೆಲಸದವಳಿಗೆ ಸಿಟ್ಟು ಮಾಡಿದ್ದು, ಪ್ರಾರ್ಥನೆ ತಪ್ಪಿಸಿದ್ದು. ಇದನ್ನು ಹೇಳಲಿಲ್ಲ. ಇದು ಪಾಪ ಅಲ್ಲ, ತಪ್ಪು, ಅಂದುಕೊಂಡೆ. ಭಾನುವಾರ ಹೇಳಿದರಾಯಿತು ಎಂದುಕೊಂಡೆ.

ಭಾನುವಾರ ಪೂಜೆ ಮುಗಿದು ಪ್ರಕಟಣೆ ಓದುವಾಗ ಫಾದರ್ ನನ್ನ ನೋಟ್‌ಬುಕ್ ಎತ್ತಿ ತೋರಿಸಿದರು. ಒಂದು ಮನೆ ಬಿಡದೆ ಹೋಗಿದ್ದಾರೆ, ಎಷ್ಟು ಚೊಕ್ಕವಾಗಿ ಬರೆದಿದ್ದಾರೆ ನೋಡಿ, ಕೆಲಸ ಅಂದರೆ ಹೀಗಿರಬೇಕು ಅಂದರು. ಮುಂದಿನ ಬೆಂಚಿನವರು ತಿರುಗಿ ನೋಡಿ ನಕ್ಕರು. ಹೊರಗೆ ಬಂದಾಗ ಫಾದರ್ ಬಾಗಿಲಲ್ಲೇ ನಿಂತಿದ್ದರು. ನಾಲ್ಕು ಹೆಜ್ಜೆ. "ನೀವು ಇಲ್ಲದಿದ್ದರೆ ಇದು ಆಗ್ತಿರಲಿಲ್ಲ," ಅಂದರು ಅವರೇ ಮೊದಲು. ನಾನು "ಅಯ್ಯೋ ಫಾದರ್, ಎಂತ ದೊಡ್ಡ ವಿಷಯ" ಅಂದೆ. ಅಷ್ಟು ಹೇಳಿ ಮನೆಗೆ ಬಂದೆ.

ಗುರ್ಕಾರರ ಹೆಂಡತಿ ಗೇಟಿನವರೆಗೆ ನನ್ನ ಹಿಂದೆಯೇ ಬಂದರು. ನಾನು ಹೇಳುತ್ತೇನೆ ಎಂದು ಕಾದಿದ್ದಿರಬೇಕು. ಕೊನೆಗೆ, "ನೀನು ಹೇಳುದೇ ಚಂದ. ನಾನು ಹೇಳಿದರೆ ನಿನ್ನ ಮೇಲೆ ದೂರು ಹೇಳಿದ ಹಾಗೆ ಆಗ್ತದೆ," ಅಂದರು. ಅವರ ಬಾಯಿ ಕಟ್ಟಿದ್ದೂ ಮರ್ಯಾದೆಯೇ.

ನಾನು ಹೇಳುವಾಗ ಬುಧವಾರವಾಗಿತ್ತು. ಅಷ್ಟರಲ್ಲಿ ಗೋಡೆ ಎದೆಯೆತ್ತರಕ್ಕೆ ಬಂದಿತ್ತು. ಪೈಪಿನ ಚರಂಡಿ ತೋಡಿ ಅರ್ಧ ಮುಚ್ಚಿಯೂ ಆಗಿತ್ತು. ಫಾದರ್ ಬೈಯಲಿಲ್ಲ. "ಒಂದು ವಾರ ಮೊದಲು ಗೊತ್ತಾಗಿದ್ದರೆ," ಅಂದರು. ಒಂದು ವಾರ ಮೊದಲೇ ನನಗೆ ಗೊತ್ತಿತ್ತು ಎಂಬುದನ್ನು ನಾನು ಆಗಲೂ ಹೇಳಲಿಲ್ಲ.

ಸುರಂಗದವರನ್ನು ಕೇಳಿದರು. ಅವರು ಟಾಂಕಿಯ ಗೋಡೆಗೆ ಕೈ ಇಟ್ಟು ಮೇಲಿನ ಮನೆಯ ಹಂಚಿನ ಕಡೆ ನೋಡಿದರು. "ಮೊದಲೇ ಹೇಳಿದ್ದರೆ ಸುರಂಗದ ಬಾಯಿಯಲ್ಲೇ ಕಟ್ತಿದ್ದೆ, ನಾನೇ ಕಲ್ಲು ಹೊರ್ತಿದ್ದೆ. ಈಗ ಪೈಪಿಗೆ ಮೇಲೆ ಕವಲು ಕೊಟ್ಟರೂ ನೀರು ಆ ಕಡೆ ಹೋಗ್ಲಿಕ್ಕಿಲ್ಲ. ಇಳಿಯುವ ದಾರಿ ಇರುವಾಗ ಅದು ಅಡ್ಡಕ್ಕೆ ಯಾಕೆ ಹೋಗ್ತದೆ? ಮೇಲೆ ಇನ್ನೊಂದು ಟಾಂಕಿ ಆಗ್ಬೇಕು." ಇನ್ನೊಂದು ಟಾಂಕಿ ಬರುವ ವರ್ಷ ನೋಡುವ ಎಂದಾಯಿತು.

ಟಾಂಕಿಯ ಆಶೀರ್ವಾದದ ದಿನ ಎಲ್ಲ ಮನೆಯವರೂ ಬಂದಿದ್ದರು. ಆಕೆಯೂ ಬಂದಿದ್ದರು, ಸೀರೆ ಬದಲಾಯಿಸಿ, ಎರಡು ಕಟ್ಟು ಹರಿವೆ ಹಿಡಿದುಕೊಂಡು. ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಬಂದು ಕೆಮ್ಮಿದಂತಾಗಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು ಬಂತು. ಮಕ್ಕಳು ಕೈ ಒಡ್ಡಿದರು. ಅಂದು ಗೇಲಿ ಮಾಡಿದ್ದ ಯಜಮಾನರೇ ಫಾದರಿಗೆ ಶಾಲು ಹೊದಿಸಿದರು. ಹರಿವೆಯ ಒಂದು ಕಟ್ಟು ಫಾದರಿಗೆ, ಒಂದು ನನಗೆ ಕೊಟ್ಟು ಆಕೆ, "ಒಳ್ಳೆದಾಯ್ತು ಬಾಯಮ್ಮ, ಪಾಪ, ಇವರಿಗೆಲ್ಲ ಭಾರೀ ಕಷ್ಟ ಇತ್ತು," ಅಂದರು.

ಆ ಬೇಸಗೆ ಎರಡು ಮೂರು ಸಲ ನಾನು ರಿಕ್ಷಾದಲ್ಲಿ ಕ್ಯಾನು ತುಂಬಿಸಿ ಮೆಟ್ಟಿಲ ಬುಡದವರೆಗೆ ನೀರು ಕೊಂಡುಹೋದೆ. ಮೊದಲ ಸಲ ಇಳಿದು ಬಂದು ತೆಗೆದುಕೊಂಡರು. ಎರಡನೆಯ ಸಲ ಕ್ಯಾನಿನ ಜೊತೆ ಒಂದು ಹಲಸಿನಕಾಯಿ ವಾಪಸು ಬಂತು. ಮೂರನೆಯ ಸಲ, "ನೀವು ಹೀಗೆ ಬಂದರೆ ಕೆಳಗಿನವರು ಎಂತ ಅಂದುಕೊಳ್ತಾರೆ? ನಾನು ಕೇಳಿದ ಹಾಗೆ ಆಗ್ತದೆ," ಅಂದರು. ಮೆಲ್ಲಗೆಯೇ ಅಂದರು. ಅಲ್ಲಿಗೆ ನಿಲ್ಲಿಸಿದೆ.

ಆಗಲೇ ಧೈರ್ಯ ಮಾಡಿ ಕೇಳಿದೆ, ಆ ದಿನ ಯಾಕೆ ಹೇಳಲಿಲ್ಲ ಎಂದು.

"ನೀವು ಬಿಸಿಲಿಗೆ ಬಂದದ್ದಲ್ವಾ. ಕುಡಿದ ಮೇಲೆ ಹೇಳಿದರೆ ನಿಮಗೆ ಒಂದು ಥರಾ ಆಗುದಿಲ್ವಾ?" ಅಂದರು. ಆಮೇಲೆ, "ಅದಕ್ಕೆ ಟಾಂಕಿ ಕೆಳಗೆ ಹೋಗ್ತದೆ ಅಂತ ನನಗೆ ಎಂತ ಗೊತ್ತು?" ಅಂದರು. ಅದೊಂದು ಮಾತಿನಲ್ಲಿ ಮಾತ್ರ ಸ್ವಲ್ಪ ಒರಟುತನ ಇತ್ತು. ಅದಕ್ಕಾಗಿ ನಾನು ಆಕೆಗೆ ಇವತ್ತಿಗೂ ಋಣಿ. ಉಳಿದ ಎಲ್ಲ ಮಾತುಗಳಲ್ಲಿ ಅವರು ನನ್ನನ್ನು ಕಾಪಾಡುತ್ತಿದ್ದರು.

ಮರುವರ್ಷ ಫಾದರಿಗೆ ವರ್ಗವಾಯಿತು. ಹೊಸಬರಿಗೆ ಇಗರ್ಜಿಯ ಸೋರುವ ಮಾಡಿನ ಚಿಂತೆ. ಎರಡನೆಯ ಟಾಂಕಿಯ ಮಾತು ಎತ್ತಿದಾಗ ಕೆಳಗಿನ ಮನೆಗಳಿಂದಲೇ ತಕರಾರು ಬಂತು. ಆ ಬೇಸಗೆ ಸುರಂಗದ ನೀರು ಸಪೂರವಾಗಿತ್ತು. ಮೇಲೆ ಒಂದು ಟಾಂಕಿ ತುಂಬಿಸಿದರೆ ನಮಗೆ ಎಂತ ಬರ್ತದೆ ಎಂದು ಕೇಳಿದರು. ತಪ್ಪಲ್ಲ ಅವರು ಕೇಳಿದ್ದು. ಅವರಲ್ಲೇ ಒಬ್ಬರು, ಅವಳು ಬೇಕಾದರೆ ನಮ್ಮ ನಲ್ಲಿಯಿಂದ ಕೊಂಡುಹೋಗಲಿ ಅಂದರು. ಹಾಗೆಯೇ ಆಯಿತು. ಈಗ ಆಕೆಗೆ ತೋಡಿನವರೆಗೆ ಹೋಗಬೇಕಾಗಿಲ್ಲ, ಅರ್ಧ ದಾರಿ ಸಾಕು. ಆದರೆ ಆ ಮನೆಯವರ ಬಟ್ಟೆ, ಪಾತ್ರೆ, ಬಸಳೆ ಎಲ್ಲ ಆದ ಮೇಲೆ ಆಕೆಯ ಸರದಿ. ಅಷ್ಟರಲ್ಲಿ ನಲ್ಲಿ ದಾರದಷ್ಟಾಗಿರುತ್ತದೆ. ಕುಡಿಯಲಿಕ್ಕೆ, ಅನ್ನಕ್ಕೆ ಸಾಕಾಗುತ್ತದೆ. ಗಿಡಕ್ಕೂ ದನಕ್ಕೂ ಆಗುವುದಿಲ್ಲ. ಇನ್ನೊಬ್ಬರ ನಲ್ಲಿಯಿಂದ ಹರಿವೆಗೆ ನೀರು ಹೊರುವುದು ಆಕೆಗೆ ಸರಿಕಾಣಲಿಲ್ಲ. ತೋಡಿನ ಗುಂಡಿ ಆ ವರ್ಷ ಫೆಬ್ರವರಿಗೇ ಬತ್ತಿತು, ಅದರ ಹಿಂದೆ ಹರಿವೆಯ ಸಾಲುಗಳೂ ಒಣಗಿದವು.

ದನವನ್ನೂ ಕರುವನ್ನೂ ಕೊಂಡವರು ಆ ನಲ್ಲಿಯ ಮನೆಯವರೇ. ಈಗ ಆಕೆ ಕೊಡಪಾನ ಹಿಡಿದು ಅವರ ಅಂಗಳಕ್ಕೆ ಬಂದರೆ ಹಟ್ಟಿಯಿಂದ ದನ ಕೂಗುತ್ತದಂತೆ. ಗುರ್ಕಾರರ ಹೆಂಡತಿ ಇದನ್ನು ಹೇಳಿ ನನ್ನ ಮುಖ ನೋಡದೆ ಬೇರೆ ಮಾತಾಡಿದರು.

ಆಕೆ ನನ್ನ ಹತ್ತಿರ ಕೇಳಿದ್ದು ಒಂದೇ ಸಲ. ನೀರಲ್ಲ. ಬಂದ್ಯೋಡಿನಲ್ಲಿ ಎಲ್ಲಾದರೂ ಅಡುಗೆಗೆ ಜನ ಬೇಕಾ, ನಿಮಗೆ ಗುರ್ತದವರು ಇದ್ದಾರಾ, ಎಂದು. ನಾನು ಅದೇ ಸಂಜೆ ನಾಲ್ಕು ಕಡೆ ಫೋನು ಮಾಡಿದೆ. ಅಷ್ಟು ಬೇಗ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ. ಈಗ ಆಕೆ ಬೆಳಗಿನ ಬಸ್ಸಿಗೆ ಹೋಗಿ ಒಂದು ಹೋಟೆಲಿನ ಒಳಗೆ ತೆಂಗಿನಕಾಯಿ ತುರಿದು, ಮಸಾಲೆ ಕಡೆದು, ಸಂಜೆಯ ಬಸ್ಸಿಗೆ ಬರುತ್ತಾರೆ.

ಕಳೆದ ವಾರ ಬಂದ್ಯೋಡಿನಲ್ಲಿ ಸಿಕ್ಕಿದರು. ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಸೊಪ್ಪು ಮಾರುವವನ ಮುಂದೆ ನಿಂತಿದ್ದೆ. ಕೆಂಪು ಹರಿವೆಯ ಒಂದು ಕಟ್ಟು ಎತ್ತಿಕೊಂಡದ್ದಷ್ಟೆ, ಬದಿಯಿಂದ ಒಂದು ಕೈ ಬಂದು ಅದನ್ನು ತೆಗೆದು ವಾಪಸಿಟ್ಟಿತು.

"ಇದು ಬೇಡ ಬಾಯಮ್ಮ. ನಾರು."

"ಬೆಳಿಗ್ಗೆ ಕೊಯ್ದದ್ದು ಅಕ್ಕ, ಎಂತ ನಾರು?" ಅಂದ ಮಾರುವವನು.

ಆಕೆ ಒಂದು ದಂಟನ್ನು ಮುರಿದು ಅವನಿಗೇ ತೋರಿಸಿದರು. "ಕೊಯ್ದದ್ದು ಬೆಳಿಗ್ಗೆ. ಮೂರು ದಿನ ನೀರು ಹಾಕ್ಲಿಲ್ಲ ಇದಕ್ಕೆ. ಯಾರಿಗೆ ಹೇಳ್ತಿ ನೀನು?"

ಅವನು ಸೊಪ್ಪಿನ ಗೋಣಿಯನ್ನೇ ಆಕೆಯ ಕಡೆ ಸರಿಸಿದ. ಆಕೆ ಗೋಣಿಯ ಅಡಿಯವರೆಗೆ ಕೈ ಹಾಕಿ, ಒಂದೊಂದನ್ನೇ ತೆಗೆದು ಬುಡ ನೋಡಿ, ಎರಡು ಕಟ್ಟು ಆರಿಸಿ ನನ್ನ ಚೀಲಕ್ಕೆ ಹಾಕಿದರು. ಬೆರಳ ತುದಿಯಲ್ಲಿ ಅರಶಿನದ ಕಲೆ ಇತ್ತು. ಬಸ್ಸು ಬಂದು ನಿಂತಿತು.

"ನಿಮಗೆ ಬೇಡವಾ ಸೊಪ್ಪು?" ಅಂತ ಕೇಳಿದೆ.

"ಇಲ್ಲ ಬಾಯಮ್ಮ," ಅಂದರು, ಒಂದು ಕಾಲು ಬಸ್ಸಿನ ಮೆಟ್ಟಿಲಲ್ಲಿಟ್ಟು. "ಹರಿವೆ ಕೊಂಡು ತಿನ್ಲಿಕ್ಕೆ ನನಗೆ ಇನ್ನೂ ಅಭ್ಯಾಸ ಆಗ್ಲಿಲ್ಲ."